ಡಾರ್ಕ್ ಫೀನಿಕ್ಸ್ ಕಥೆಯ ಹಳೆ ಸಂಚಿಕೆಗಳು: ಗುರುತಿಸುವುದು, ಕೊಳ್ಳುವುದು, ಕಾಪಾಡುವುದು

ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. "ಎಕ್ಸ್-ಮೆನ್‌ನಲ್ಲಿ ಜೀನ್ ಗ್ರೇ ಕೆಟ್ಟವಳಾಗುವ ಆ ಹಳೆ ಕಾಮಿಕ್ಸ್ ಯಾವುದು? ಅಸಲಿ ಅಂತ ಹೇಗೆ ತಿಳಿಯೋದು? ಎಷ್ಟು ಕೊಡಬಹುದು? ತಂದ ಮೇಲೆ ನಮ್ಮ ಮಳೆಗಾಲದಲ್ಲಿ ಉಳಿಯುತ್ತಾ?" ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಒಳ್ಳೆಯವರು ಸ್ವಲ್ಪ ದಿನ ಕೆಟ್ಟವರಾಗುವ ಕಥೆ ಅಮೆರಿಕದ ಕಾಮಿಕ್ಸಿಗೆ ಹೊಸದೇನಲ್ಲ. 1965ರಲ್ಲೇ ಫೆಂಟಾಸ್ಟಿಕ್ ಫೋರ್ 41ರಿಂದ 43ರವರೆಗಿನ ಸಂಚಿಕೆಗಳಲ್ಲಿ ಆ ತಂಡದ ಥಿಂಗ್ ಎಂಬ ನಾಯಕನ ತಲೆ ತಿರುಗಿಸಿ, ಅವನ ಗೆಳೆಯರ ಮೇಲೇ ಅವನನ್ನು ಛೂ ಬಿಟ್ಟಿದ್ದರು. ಸೂಪರ್‌ಮ್ಯಾನ್ ಅಂತೂ ಕೆಂಪು ಕ್ರಿಪ್ಟೊನೈಟ್ ಎಂಬ ಕಲ್ಲು ಹತ್ತಿರ ಬಂದಾಗಲೆಲ್ಲ ಏನಾದರೊಂದು ಅವತಾರ ಎತ್ತುತ್ತಿದ್ದ. ಆ ಕಥೆಗಳಲ್ಲಿ ಕೊನೆಗೆ ಎಲ್ಲ ಸರಿಹೋಗುತ್ತಿತ್ತು, ಮುಂದಿನ ತಿಂಗಳು ಯಾರಿಗೂ ನೆನಪಿರುತ್ತಿರಲಿಲ್ಲ. ಜೀನ್ ಕೆಟ್ಟವಳಾಗುವ 1980ರ ಡಾರ್ಕ್ ಫೀನಿಕ್ಸ್ ಕಥೆಯಲ್ಲಿ ಹಾಗಾಗಲಿಲ್ಲ. ಅದಕ್ಕೇ ಜನ ಇವತ್ತಿಗೂ ಅದನ್ನು ಹುಡುಕುತ್ತಾರೆ.

ಬೇಕಾಗುವ ಸಾಮಾನು ಕಡಿಮೆ. ಸೆಂಟಿಮೀಟರ್ ಗುರುತಿರುವ ಒಂದು ಸ್ಕೇಲು, ಒಂದು ಟಾರ್ಚು, ಸಣ್ಣ ಭೂತಗನ್ನಡಿ, ಕಾಮಿಕ್ಸಿಗೆಂದೇ ಸಿಗುವ ಪ್ಲಾಸ್ಟಿಕ್ ಚೀಲ ಮತ್ತು ರಟ್ಟು. ಇವೆಲ್ಲಕ್ಕಿಂತ ಜಾಸ್ತಿ ಬೇಕಾಗುವುದು ತಾಳ್ಮೆ. ಯಾಕೆಂದು ಬೆಲೆಯ ಹಂತದಲ್ಲಿ ಹೇಳುತ್ತೇನೆ.

ಹಂತ 1: ಕೊಳ್ಳುವ ಮುಂಚೆ ಓದಿ

ಸುಮ್ನೆ ಹೆಸರು ಕೇಳಿ ಹಳೆ ಸಂಚಿಕೆಗೆ ದುಡ್ಡು ಹಾಕಬೇಡಿ. ಈ ಕಥೆ ಪುಸ್ತಕ ರೂಪದಲ್ಲಿ ಸುಲಭವಾಗಿ ಸಿಗುತ್ತದೆ. ಹಲವು ಸಂಚಿಕೆಗಳನ್ನು ಸೇರಿಸಿ ಒಂದೇ ಪುಸ್ತಕ ಮಾಡುವುದಕ್ಕೆ ಟ್ರೇಡ್ ಪೇಪರ್‌ಬ್ಯಾಕ್ ಅನ್ನುತ್ತಾರೆ. ಡಾರ್ಕ್ ಫೀನಿಕ್ಸ್ ಸಾಗಾ ಹಾಗೆ ಮೊದಲು ಬಂದದ್ದು 1984ರಲ್ಲಿ. ಆಮೇಲೆ ಎಷ್ಟೋ ಸಲ ಮರುಮುದ್ರಣವಾಗಿದೆ. ಇದರ ಪ್ರಕಾಶಕರಾದ ಮಾರ್ವೆಲ್‌ನ ಆ್ಯಪ್‌ನಲ್ಲೂ ಓದಬಹುದು.

ಕಥೆಯ ಎಳೆ ಇಷ್ಟು. ಜೀನ್ ಗ್ರೇ 1963ರ ಮೊದಲ ಸಂಚಿಕೆಯಿಂದಲೂ ಎಕ್ಸ್-ಮೆನ್ ಎಂಬ ಸೂಪರ್‌ಹೀರೋ ತಂಡದವಳು. 1976ರ ಅಕ್ಟೋಬರ್ ದಿನಾಂಕದ 101ನೇ ಸಂಚಿಕೆಯಲ್ಲಿ ಅವಳು ಅಪಾರ ಶಕ್ತಿಯ ಫೀನಿಕ್ಸ್ ಆಗುತ್ತಾಳೆ. ಮಾಸ್ಟರ್‌ಮೈಂಡ್ ಎಂಬ ಖಳ ಜೇಸನ್ ವಿಂಗಾರ್ಡ್ ಅನ್ನುವ ಸಭ್ಯಸ್ಥನ ವೇಷದಲ್ಲಿ ಅವಳ ಮನಸ್ಸಿನೊಳಗೆ ಹೊಕ್ಕು, ಇಲ್ಲದ ಕಾಲದ ಕನಸುಗಳನ್ನು ತುಂಬುತ್ತಾನೆ. ಹೆಲ್‌ಫೈರ್ ಕ್ಲಬ್ ಎಂಬ ಶ್ರೀಮಂತರ ಗುಂಪಿಗೆ ಅವಳನ್ನು ಬ್ಲ್ಯಾಕ್ ಕ್ವೀನ್ ಮಾಡುತ್ತಾನೆ. ಅವಳು ಅವನ ಹಿಡಿತದಿಂದ ಬಿಡಿಸಿಕೊಳ್ಳುತ್ತಾಳೆ. ಆದರೆ ಅಷ್ಟರಲ್ಲಿ ಒಳಗಿನ ತಡೆಗಳೆಲ್ಲ ಒಡೆದು ಹೋಗಿರುತ್ತವೆ. ಡಾರ್ಕ್ ಫೀನಿಕ್ಸ್ ಆದವಳು ಹಸಿವಿಗೆ ಒಂದು ನಕ್ಷತ್ರವನ್ನೇ ನುಂಗುತ್ತಾಳೆ. ಅದರ ಬೆಳಕಲ್ಲಿ ಬದುಕುತ್ತಿದ್ದ ಡಿಬಾರಿ ಗ್ರಹದ ಐನೂರು ಕೋಟಿ ಜೀವಗಳು ಸಾಯುತ್ತವೆ.

ಇಲ್ಲೇ ಕಥೆಯ ಹಿಂದಿನ ಕಥೆ ಶುರುವಾಗುತ್ತದೆ, ಇದು ಕೊಳ್ಳುವವರಿಗೂ ಬೇಕು. ಬರೆದವರು ಕ್ರಿಸ್ ಕ್ಲೇರ್‌ಮಾಂಟ್. ಕಥೆ ಕಟ್ಟುವುದರಲ್ಲಿ ಜೊತೆಗಿದ್ದು ಪೆನ್ಸಿಲ್ ಚಿತ್ರ ಬರೆದವರು ಜಾನ್ ಬರ್ನ್, ಅದಕ್ಕೆ ಶಾಯಿ ಹಾಕಿದವರು ಟೆರಿ ಆಸ್ಟಿನ್. ಅವರ ಮೊದಲ ಯೋಜನೆಯಲ್ಲಿ ಜೀನ್ ಶಕ್ತಿ ಕಳೆದುಕೊಂಡು ಬದುಕಿ ಉಳಿಯುತ್ತಿದ್ದಳು. ಆಗ ಮಾರ್ವೆಲ್‌ನ ಮುಖ್ಯ ಸಂಪಾದಕರಾಗಿದ್ದ ಜಿಮ್ ಶೂಟರ್ ಒಪ್ಪಲಿಲ್ಲ. ಅಷ್ಟು ಜೀವ ತೆಗೆದವಳಿಗೆ ತಕ್ಕ ಶಿಕ್ಷೆ ಇರಲೇಬೇಕು ಅನ್ನುವುದು ಅವರ ವಾದ. ಕೊನೆಯ ಪುಟಗಳನ್ನು ಬದಲಿಸಿದರು, 137ನೇ ಸಂಚಿಕೆಯಲ್ಲಿ ಜೀನ್ ಚಂದ್ರನ ಮೇಲೆ ತಾನೇ ಪ್ರಾಣ ಕೊಟ್ಟಳು. ನನ್ನ ಮಟ್ಟಿಗೆ ಶೂಟರ್ ಸರಿ. ಅವಳು ಉಳಿದಿದ್ದರೆ ಇದೂ ಇನ್ನೊಂದು ಕೆಂಪು ಕ್ರಿಪ್ಟೊನೈಟ್ ಕಥೆ ಆಗಿಬಿಡುತ್ತಿತ್ತು.

ಮೊದಲಿನ ಕೊನೆ ಕಸದ ಬುಟ್ಟಿಗೆ ಹೋಗಲಿಲ್ಲ. 1984ರಲ್ಲಿ ಫೀನಿಕ್ಸ್: ದಿ ಅನ್‌ಟೋಲ್ಡ್ ಸ್ಟೋರಿ ಎಂಬ ಒಂದೇ ಸಂಚಿಕೆಯಾಗಿ ಅಚ್ಚಾಯಿತು. 1986ರಲ್ಲಿ ಮಾರ್ವೆಲ್ ಇನ್ನೊಂದು ತಿರುವು ಕೊಟ್ಟಿತು. ಸತ್ತದ್ದು ಜೀನ್ ಅಲ್ಲ, ಅವಳ ರೂಪ ತಾಳಿದ್ದ ಬೇರೆ ಶಕ್ತಿ. ನಿಜವಾದ ಜೀನ್ ನ್ಯೂಯಾರ್ಕ್ ಬಳಿಯ ಜಮೈಕಾ ಬೇ ನೀರಿನ ತಳದಲ್ಲಿ ನಿದ್ದೆಯಲ್ಲಿದ್ದಳು ಅಂತ. ಫೆಂಟಾಸ್ಟಿಕ್ ಫೋರ್ 286ನೇ ಸಂಚಿಕೆಯಲ್ಲಿ ಅವಳು ಮರಳಿ ಬಂದಳು. ಹೀಗೆ ಖಳನಾಯಕಿ ಪಟ್ಟ ತಾತ್ಕಾಲಿಕವಾಯಿತು ಮಾತ್ರವಲ್ಲ, ಅವಳ ತಲೆಯಿಂದಲೇ ಇಳಿಯಿತು. ಇದು ಎಷ್ಟೋ ಓದುಗರಿಗೆ ಇವತ್ತಿಗೂ ರುಚಿಸಿಲ್ಲ.

ಹಂತ 2: ಪಟ್ಟಿ ಮಾಡಿಕೊಳ್ಳಿ

ಈ ಕಥೆ ಇರುವುದು ಒಂದು ಸಂಚಿಕೆಯಲ್ಲಲ್ಲ, ಎಕ್ಸ್-ಮೆನ್‌ನ ಒಂಬತ್ತು ಸಂಚಿಕೆಗಳಲ್ಲಿ. 129ರಿಂದ 137ರವರೆಗೆ, ಅಂದರೆ 1980ರ ಜನವರಿಯಿಂದ ಸೆಪ್ಟೆಂಬರ್ ದಿನಾಂಕದವು. ಜೀನ್ ಸತ್ತ ಮೇಲಿನ ಶೋಕ 138ರಲ್ಲಿದೆ. ಅದನ್ನೂ ಸೇರಿಸಿಕೊಂಡರೆ ಒಳ್ಳೆಯದು.

ಎಲ್ಲಕ್ಕೂ ಒಂದೇ ಬೆಲೆ ಇರುವುದಿಲ್ಲ. ಕಾರಣ ಕಥೆ ಮಾತ್ರವಲ್ಲ. ಯಾವುದಾದರೂ ಪಾತ್ರ ಮೊದಲ ಬಾರಿ ಕಾಣಿಸಿಕೊಂಡ ಅಥವಾ ದೊಡ್ಡ ಘಟನೆ ನಡೆದ ಸಂಚಿಕೆಗೆ ಮಾರುವವರು 'ಕೀ ಇಶ್ಯೂ' ಅನ್ನುತ್ತಾರೆ. ಅದಕ್ಕೆ ಬೆಲೆ ಜಾಸ್ತಿ. 129ರಲ್ಲಿ ಕಿಟ್ಟಿ ಪ್ರೈಡ್ ಮತ್ತು ಎಮ್ಮಾ ಫ್ರಾಸ್ಟ್ ಎಂಬ ಪಾತ್ರಗಳು ಮೊದಲು ಬರುತ್ತವೆ. 130ರಲ್ಲಿ ಡ್ಯಾಜ್ಲರ್. 134ರ ಕೊನೆಯಲ್ಲಿ ಜೀನ್ ಡಾರ್ಕ್ ಫೀನಿಕ್ಸ್ ಆಗುತ್ತಾಳೆ. 135ರಲ್ಲಿ ಪೂರ್ತಿ ಅವಳದೇ ಆಟ, ಮುಖಪುಟದಲ್ಲಿ ಅವಳು ಎಕ್ಸ್-ಮೆನ್ ಹೆಸರಿನ ಅಕ್ಷರಗಳನ್ನೇ ಪುಡಿ ಮಾಡುತ್ತಿರುತ್ತಾಳೆ. ಈ ಎರಡರಲ್ಲಿ ಯಾವುದು 'ಮೊದಲನೆಯದು' ಅಂತ ಮಾರುವವರು ತಮಗೆ ಅನುಕೂಲವಾದ ಹಾಗೆ ಬರೆದುಕೊಳ್ಳುತ್ತಾರೆ. ನಿಮ್ಮ ಕೈಯಲ್ಲಿ 134 ಇದ್ದು ಕೊನೆ ಪುಟ ನೋಡಿದರೆ ಉತ್ತರ ಅಲ್ಲೇ ಇದೆ.

131, 132, 133, 136 ಕಡಿಮೆ ಗಲಾಟೆಯ ಸಂಚಿಕೆಗಳು. ಓದುಗನಾಗಿ ಕೇಳಿದರೆ 132 ಮತ್ತು 133 ಇಡೀ ಕಥೆಯಲ್ಲೇ ಬಿಗಿಯಾದವು. ಎಲ್ಲರೂ ಸೆರೆಯಾದ ಮೇಲೆ ಚರಂಡಿಯಿಂದ ಎದ್ದು ಬರುವ ಅದೇ ತಂಡದ ವುಲ್ವರಿನ್ ಇವತ್ತಿನ ವುಲ್ವರಿನ್ ಆದದ್ದೇ ಅಲ್ಲಿ. ಅಲ್ಲಿಂದ ಶುರು ಮಾಡಿದರೆ ಜೇಬಿಗೂ ಹಗುರ.

101ನ್ನು ಸದ್ಯಕ್ಕೆ ಬಿಡಿ. ಅದರ ಬೆಲೆ ಬೇರೆಯೇ ಮಟ್ಟದ್ದು.

ಹಂತ 3: ಅದೇ ಸಂಚಿಕೆ ಹೌದಾ ನೋಡಿ

ಹೆಚ್ಚಿನ ಜನ ಎಡವುವುದು ಇಲ್ಲೇ. ನಕಲಿ ಅಚ್ಚು ಇಷ್ಟು ಅಗ್ಗದ ಸಂಚಿಕೆಗಳಿಗೆ ಅಪರೂಪ. ತೊಂದರೆ ಬರುವುದು ಒಂದನ್ನು ಇನ್ನೊಂದು ಅಂದುಕೊಳ್ಳುವುದರಿಂದ.

ಮೊದಲು ಹೆಸರಿನ ಗೊಂದಲ. ಮುಖಪುಟದಲ್ಲಿ ದಿ ಅನ್‌ಕ್ಯಾನಿ ಎಕ್ಸ್-ಮೆನ್ ಅಂತ ಇರುತ್ತದೆ, ಒಳಗೆ ಬರೀ ದಿ ಎಕ್ಸ್-ಮೆನ್. ಎರಡೂ ಸರಿ. ಅಧಿಕೃತ ಹೆಸರು ಬದಲಾದದ್ದು 142ನೇ ಸಂಚಿಕೆಯಿಂದ. ಹಾಗಾಗಿ ಮಾರುವವರು ಎರಡರಲ್ಲಿ ಯಾವ ಹೆಸರು ಹಾಕಿದ್ದರೂ ಗಾಬರಿ ಬೇಡ. ಆದರೆ ನ್ಯೂ ಎಕ್ಸ್-ಮೆನ್ 129, 137 ಅಂತ ಇದ್ದರೆ ಬಿಟ್ಟುಬಿಡಿ. ಅದು 2002-03ರ ಬೇರೆ ಸರಣಿ, ನಂಬರ್ ಮಾತ್ರ ಒಂದೇ. ಮೊಬೈಲಿನಲ್ಲಿ ನಂಬರ್ ಹಾಕಿ ಹುಡುಕಿದಾಗ ಅಗ್ಗವಾಗಿ ಕಂಡದ್ದು ಎಷ್ಟೋ ಸಲ ಇದೇ ಆಗಿರುತ್ತದೆ.

ಆಮೇಲೆ ಇಂಡೀಶಿಯಾ ನೋಡಿ. ಕಾಮಿಕ್ಸಿನ ಮೊದಲ ಪುಟದ ಅಡಿಯಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರಗಳಿರುತ್ತವಲ್ಲ, ಅದು. ಸರಣಿಯ ಹೆಸರು, ಸಂಪುಟ, ಸಂಚಿಕೆ ನಂಬರ್, ತಿಂಗಳು, ವರ್ಷ, ಪ್ರಕಾಶಕರ ವಿಳಾಸ ಎಲ್ಲ ಅಲ್ಲಿರುತ್ತದೆ. ಭೂತಗನ್ನಡಿ ಹಿಡಿದು ಅದನ್ನು ಓದಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಆ ಭಾಗದ ಫೋಟೋ ಕೇಳಿ. ಕೊಡಲ್ಲ ಅಂದರೆ ಬೇರೆಯವರನ್ನು ನೋಡಿ.

ಅಲ್ಲಿನ ತಿಂಗಳು ಅಂಗಡಿಗೆ ಬಂದ ತಿಂಗಳಲ್ಲ, ನೆನಪಿಡಿ. ಅಂಗಡಿಯವನು ಹಳೆಯದೆಂದು ಬೇಗ ತೆಗೆದುಬಿಡದಿರಲಿ ಅಂತ ಮುಂದಿನ ದಿನಾಂಕ ಹಾಕುವ ರೂಢಿಯಿತ್ತು. ಸೆಪ್ಟೆಂಬರ್ ಅಂತಿರುವ 137 ಅಂಗಡಿಗೆ ಬಂದದ್ದು ಬೇಸಿಗೆಯಲ್ಲಿ, ಜೂನ್ ಹೊತ್ತಿಗೆ.

ಬೆಲೆ ಇನ್ನೊಂದು ಗುರುತು. 129ರಿಂದ 136ರವರೆಗೆ ಮುಖಪುಟದಲ್ಲಿ 40 ಸೆಂಟ್. 137 ಇಮ್ಮಡಿ ಗಾತ್ರದ ವಿಶೇಷ ಸಂಚಿಕೆ, 75 ಸೆಂಟ್. 138ಕ್ಕೆ 50 ಸೆಂಟ್. ಡಾಲರ್‌ಗಟ್ಟಲೆ ಬೆಲೆ ಅಚ್ಚಾಗಿದ್ದರೆ ಅದು ಮರುಮುದ್ರಣ.

ಮರುಮುದ್ರಣಗಳಲ್ಲಿ ಮೂರು ಬಗೆಯವು ಜಾಸ್ತಿ ಕಣ್ಣಿಗೆ ಬೀಳುತ್ತವೆ. 1986ರಲ್ಲಿ ಶುರುವಾದ ಕ್ಲಾಸಿಕ್ ಎಕ್ಸ್-ಮೆನ್ ಸರಣಿ ಒಂದು. ಅದರ ಮುಖಪುಟವೂ ನಂಬರೂ ಬೇರೆ, ಹಾಗಾಗಿ ಮೋಸ ಹೋಗುವ ಭಯ ಕಡಿಮೆ. ಎರಡನೆಯದು ಇಂಡಿಯಾದಲ್ಲೇ ಅಚ್ಚಾದವು. ಗೋಥಮ್ ಕಾಮಿಕ್ಸ್ ಒಂದು ಕಾಲದಲ್ಲಿ ಮಾರ್ವೆಲ್ ಮತ್ತು ಡಿಸಿ ಕಥೆಗಳನ್ನು ಇಲ್ಲಿ ಮರುಮುದ್ರಿಸುತ್ತಿತ್ತು. ಮುಖಪುಟದಲ್ಲಿ ರೂಪಾಯಿ ಬೆಲೆ ಅಚ್ಚಾಗಿದ್ದರೆ ಅದು 1980ರ ಅಮೆರಿಕನ್ ಪ್ರತಿ ಅಲ್ಲ. ರೂಪಾಯಿ ಚೀಟಿ ಅಂಟಿಸಿದ್ದರೆ ಮಾತು ಬೇರೆ. ಅದು ಇಲ್ಲಿನ ಯಾವುದೋ ಅಂಗಡಿಯವರು ಹಚ್ಚಿದ್ದು. ಕೆಳಗಿರುವುದು ಅಸಲಿಯೇ ಇರಬಹುದು. ಆ ಚೀಟಿಯನ್ನು ಮಾತ್ರ ಕೀಳಬೇಡಿ, ಬಣ್ಣವೂ ಜೊತೆಗೇ ಕಿತ್ತು ಬರುತ್ತದೆ.

ಮೂರನೆಯದು ಫ್ಯಾಕ್ಸಿಮಿಲಿ ಎಡಿಷನ್, ಹಳೆ ಸಂಚಿಕೆಯನ್ನು ಇದ್ದ ಹಾಗೇ ಈಗ ಮತ್ತೆ ಅಚ್ಚು ಹಾಕಿದ್ದು. ಇದರ ಬಗ್ಗೆ ಜಾಸ್ತಿ ಹುಷಾರಾಗಿರಬೇಕು. ಬರೀ ಕಥೆಯಲ್ಲ, ಆ ಕಾಲದ ಜಾಹೀರಾತು, ಓದುಗರ ಪತ್ರಗಳ ಪುಟ ಎಲ್ಲವೂ ಇರುತ್ತವೆ. "ಒಳಗೆ ಹಳೆ ಜಾಹೀರಾತು ಇದೆ, ಹಾಗಾಗಿ ಅಸಲಿ" ಅನ್ನುವ ಮಾತು ಇದಕ್ಕೆ ನಡೆಯುವುದಿಲ್ಲ. ಹೊಸ ಬೆಲೆ, ಹೊಸ ಬಾರ್‌ಕೋಡ್, ಇಂಡೀಶಿಯಾದಲ್ಲಿ ಹೊಸ ವರ್ಷ, ಇವು ಮೂರನ್ನೂ ನೋಡಿ. ಕಾಗದವೂ ಹೇಳುತ್ತದೆ. 1980ರ ಒಳಪುಟಗಳು ದಿನಪತ್ರಿಕೆಯ ಕಾಗದ. ನಲವತ್ತು ವರ್ಷ ದಾಟಿದ ಮೇಲೂ ಅಂಚು ಬೆಳ್ಳಗೆ ಹೊಳೆಯುತ್ತಿದ್ದು, ಪುಟ ನುಣ್ಣಗೆ ಜಾರುತ್ತಿದ್ದರೆ ಅನುಮಾನ ಪಡಿ.

ಒಂದೇ ಸಂಚಿಕೆಯಲ್ಲಿ ಎರಡು ಬಗೆ ಇರುವುದೂ ಉಂಟು. ಪೇಪರ್ ಅಂಗಡಿ, ದಿನಸಿ ಅಂಗಡಿಗಳಲ್ಲಿ ಮಾರಿದ್ದಕ್ಕೆ ನ್ಯೂಸ್‌ಸ್ಟ್ಯಾಂಡ್ ಪ್ರತಿ ಅನ್ನುತ್ತಾರೆ, ಮುಖಪುಟದಲ್ಲಿ ಸರಿಯಾದ ಬಾರ್‌ಕೋಡ್ ಇರುತ್ತದೆ. ಕಾಮಿಕ್ಸ್ ಅಂಗಡಿಗಳಿಗೆ ನೇರವಾಗಿ ಹೋದದ್ದು ಡೈರೆಕ್ಟ್ ಪ್ರತಿ. ಅದರಲ್ಲಿ ಬಾರ್‌ಕೋಡ್ ಮೇಲೆ ಗೆರೆ ಎಳೆದಿರುತ್ತದೆ, ಇಲ್ಲವೇ ಆ ಜಾಗದಲ್ಲಿ ಚಿತ್ರ ಇರುತ್ತದೆ. ಎರಡೂ ಅಸಲಿ. ನ್ಯೂಸ್‌ಸ್ಟ್ಯಾಂಡ್ ಅಂತ ಹೇಳಿ ದುಪ್ಪಟ್ಟು ಕೇಳಿದರೆ ಕೊಡುವ ಅಗತ್ಯ ಇಲ್ಲ, 1980ರಲ್ಲಿ ಅವು ಧಾರಾಳವಾಗಿ ಮಾರಾಟವಾಗಿವೆ.

ಹಾಗೆಯೇ ಕೆಲವು ಪ್ರತಿಗಳ ಮಧ್ಯೆ ಆಭರಣದ ಅಂಗಡಿಯ ದಪ್ಪ ಕಾಗದದ ಜಾಹೀರಾತು ಹಾಳೆ ಇರುತ್ತದೆ. ಮಾರ್ಕ್ ಜ್ಯುವೆಲರ್ಸ್ ಇನ್‌ಸರ್ಟ್ ಅಂತ ಅದರ ಹೆಸರು. ಅಮೆರಿಕದ ಸೇನಾ ನೆಲೆಗಳಿಗೆ ಹೋದ ಪ್ರತಿಗಳಲ್ಲಿ ಇದು ಹೆಚ್ಚು. ನಿಮ್ಮದರಲ್ಲಿ ಇಲ್ಲದಿದ್ದರೆ ಏನೋ ಕಳೆದುಹೋಗಿದೆ ಅಂತಲ್ಲ.

ಹಂತ 4: ಸ್ಥಿತಿ ಪರೀಕ್ಷೆ

ಕಾಮಿಕ್ಸಿನ ಸ್ಥಿತಿಗೆ 0.5ರಿಂದ 10ರವರೆಗೆ ಅಂಕ ಕೊಡುತ್ತಾರೆ. ಇದಕ್ಕೆ ಗ್ರೇಡ್ ಅನ್ನುವುದು. ನಮ್ಮವರು ಮೋಸ ಹೋಗುವುದು ಇದರ ಹೆಸರುಗಳಿಂದ. 'ಗುಡ್' ಅಂದರೆ 2.0. 'ವೆರಿ ಗುಡ್' ಅಂದರೆ 4.0. 'ಫೈನ್' 6.0, 'ವೆರಿ ಫೈನ್' 8.0, 'ನಿಯರ್ ಮಿಂಟ್' 9.4. ಅಂದರೆ 'ಗುಡ್ ಕಂಡಿಷನ್' ಅಂತ ಹಾಕಿರುವ ಪ್ರತಿ ಹರಿದು, ಸುಕ್ಕುಗಟ್ಟಿ, ಬಣ್ಣ ಹೋಗಿರುವುದು. ಮಾರುವವರು ಸುಳ್ಳು ಹೇಳುತ್ತಿಲ್ಲ, ನಾವು ಬೇರೆ ಅರ್ಥ ಮಾಡಿಕೊಳ್ಳುತ್ತಿದ್ದೇವೆ. ಯಾವಾಗಲೂ ಅಂಕ ಎಷ್ಟು ಅಂತ ಕೇಳಿ.

ಪ್ರತಿ ಕೈಗೆ ಬಂದಾಗ ಹೀಗೆ ನೋಡಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಗ್ಲೌಸ್ ಬೇಡ, ಬಟ್ಟೆ ಗ್ಲೌಸಿನಲ್ಲಿ ಪುಟದ ಅಂಚು ಗೊತ್ತಾಗದೆ ಹರಿಯುತ್ತದೆ. ಮೇಜಿನ ಮೇಲೆ ಸ್ವಚ್ಛ ಬಿಳಿ ಹಾಳೆ ಹಾಸಿ ಅದರ ಮೇಲೆ ಇಡಿ. ಪೂರ್ತಿ ಅಗಲಿಸಿ ಒತ್ತಬೇಡಿ.

ಬೆನ್ನು ಮೊದಲು. ಪಿನ್ನುಗಳಿರುವ ಮಡಿಕೆಯ ಕಡೆ ಅಡ್ಡಡ್ಡಲಾಗಿ ಸಣ್ಣ ಗೀರುಗಳಿರುತ್ತವೆ. ಟಾರ್ಚನ್ನು ಪಕ್ಕದಿಂದ ಹಿಡಿದರೆ ಎದ್ದು ಕಾಣುತ್ತವೆ. ಗೀರಿನಲ್ಲಿ ಬಣ್ಣ ಹೋಗಿ ಬಿಳಿ ಕಂಡರೆ ಅಂಕ ಜಾಸ್ತಿ ಇಳಿಯುತ್ತದೆ. ಬಣ್ಣ ಹೋಗದಿದ್ದರೆ ಅಷ್ಟೇನೂ ಇಲ್ಲ. ಗಾಢ ಬಣ್ಣದ ಮುಖಪುಟಗಳಲ್ಲಿ ಈ ಬಿಳಿ ಬೇಗ ಕಣ್ಣಿಗೆ ಹೊಡೆಯುತ್ತದೆ.

ಪಿನ್ನುಗಳು ಎರಡಿರಬೇಕು. ತುಕ್ಕು ಹಿಡಿದಿದ್ದರೆ ಸುತ್ತ ಕಂದು ಕಲೆ ಇರುತ್ತದೆ. ಕರಾವಳಿಯಲ್ಲಿ ಇದ್ದು ಬಂದ ಪ್ರತಿಗಳಲ್ಲಿ ಇದು ಮಾಮೂಲು. ತುಕ್ಕು ಹಿಡಿದ ಪಿನ್ನು ತೆಗೆದು ಹೊಸದು ಹಾಕಿದರೆ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ಬೇಡ. ಹಾಗೆ ಹಾಕಿದ್ದು ಗೊತ್ತಾಗುತ್ತದೆ, ಬೆಲೆ ಇನ್ನೂ ಇಳಿಯುತ್ತದೆ.

ಆಮೇಲೆ ಹಾಳೆಗಳನ್ನು ಎಣಿಸಿ. ಸಾಮಾನ್ಯ ಸಂಚಿಕೆಯಲ್ಲಿ ಮುಖಪುಟ ಬಿಟ್ಟು 32 ಒಳಪುಟಗಳು, ಅಂದರೆ 16 ಹಾಳೆ. 137ರಲ್ಲಿ ಜಾಸ್ತಿ. ನಡುವಿನ ಜೋಡಿ ಹಾಳೆ ಪಿನ್ನಿನಿಂದ ಬಿಟ್ಟುಕೊಂಡು ಬಿದ್ದುಹೋಗಿರುವುದು ತುಂಬಾ ಕಾಣುವ ದೋಷ. ಜಾಹೀರಾತು ಪುಟ ಕಾಣೆಯಾಗಿದ್ದರೂ ಅದು ಅಪೂರ್ಣ ಪ್ರತಿಯೇ. ಕೂಪನ್ ಕತ್ತರಿಸಿದ್ದಾರಾ ನೋಡಿ. ಆ ಕಾಲದ ಹುಡುಗರು ಆರ್ಡರ್ ಫಾರಂ ಕತ್ತರಿಸಿ ಅಂಚೆಗೆ ಹಾಕುತ್ತಿದ್ದರು, ಹಿಂದಿನ ಬದಿಯ ಕಥೆಯ ತುಂಡೂ ಅದರ ಜೊತೆಗೇ ಹೋಗುತ್ತಿತ್ತು.

ಮುಖಪುಟದ ಮೇಲ್ಭಾಗ ಅಥವಾ ಇಡೀ ಮುಖಪುಟ ಇಲ್ಲದ ಪ್ರತಿಗಳು ಸಿಗುತ್ತವೆ. ಇದಕ್ಕೆ ಕಾರಣ ಇದೆ. ಮಾರಾಟವಾಗದ ಪ್ರತಿಗಳ ದುಡ್ಡು ವಾಪಸ್ ಪಡೆಯಲು ಪೇಪರ್ ಅಂಗಡಿಯವರು ಮುಖಪುಟ ಹರಿದು ಕಳಿಸುತ್ತಿದ್ದರು. ಉಳಿದದ್ದು ನಾಶವಾಗಬೇಕಿತ್ತು, ಹಲವು ಕಡೆ ಅಗ್ಗಕ್ಕೆ ಮಾರಾಟವಾಯಿತು. ಬರೀ ಓದಲು ಇವು ಪರವಾಗಿಲ್ಲ. ಇಟ್ಟುಕೊಳ್ಳಲು ಅಲ್ಲ.

ಉದ್ದುದ್ದಕ್ಕೆ ಮಧ್ಯದಲ್ಲಿ ಒಂದು ನೇರ ಮಡಿಕೆ ಇದ್ದರೆ ಅದು ಚಂದಾದಾರರ ಪ್ರತಿ. ಆಗ ಅಂಚೆಯಲ್ಲಿ ಮಡಿಚಿ ಕಳಿಸುತ್ತಿದ್ದರು. ಇಸ್ತ್ರಿ ಮಾಡಿದರೂ ಹೋಗುವುದಿಲ್ಲ. ದಯವಿಟ್ಟು ಇಸ್ತ್ರಿ ಮಾಡಲೂಬೇಡಿ.

ಇನ್ನು ಮುಚ್ಚಿಟ್ಟ ರಿಪೇರಿಗಳು. ಬೆನ್ನಿನ ಬಿಳಿ ಗೀರಿಗೆ ಮಾರ್ಕರ್ ಹಚ್ಚುವುದು ಹಳೆ ಚಾಳಿ. ಮುಖಪುಟದ ಒಳಬದಿ ನೋಡಿ, ಶಾಯಿ ಅಲ್ಲಿಗೆ ಇಳಿದಿರುತ್ತದೆ. ಸವೆದ ಅಂಚನ್ನು ಬ್ಲೇಡಿನಿಂದ ನೀಟಾಗಿ ಕತ್ತರಿಸುವುದು ಇನ್ನೊಂದು. ಸ್ಕೇಲು ಬೇಕಾಗುವುದು ಅದಕ್ಕೇ. ಅದೇ ವರ್ಷದ ಬೇರೆ ಮಾರ್ವೆಲ್ ಸಂಚಿಕೆಯ ಪಕ್ಕ ಇಟ್ಟು ಅಳೆಯಿರಿ. ಹಳೆ ಪ್ರತಿಗಳಲ್ಲಿ ಅಂಚು ಸ್ವಲ್ಪ ಸೊಟ್ಟ ಇರುವುದು ಸಹಜ, ಮೂರೂ ಕಡೆ ಹೊಸದಾಗಿ ಕತ್ತರಿಸಿದಂತೆ ಚೂಪಾಗಿದ್ದರೆ ಕೇಳಬೇಕು.

ನಮ್ಮ ಕಡೆ ಸಿಗುವ ಪ್ರತಿಗಳಿಗೆ ಅದರದೇ ಆದ ದೋಷಗಳಿವೆ. ಸರ್ಕ್ಯುಲೇಟಿಂಗ್ ಲೈಬ್ರರಿಯ ಸೀಲು, ಬೆನ್ನಿಗೆ ಹಾಕಿದ ಮೂರನೇ ಪಿನ್ನು, ಬ್ರೌನ್ ಪೇಪರ್ ಹಾಕಿ ಅಂಟಿಸಿದ ಗುರುತು, ನಾಲ್ಕೈದು ಸಂಚಿಕೆ ಸೇರಿಸಿ ಹೊಲಿದ ಬೈಂಡು. ಬೈಂಡು ಮಾಡಿದ್ದನ್ನು ಬಿಚ್ಚಿ ಬಿಡಿ ಸಂಚಿಕೆ ಅಂತ ಮಾರುವುದುಂಟು. ಬೆನ್ನಿನ ಹತ್ತಿರ ದಾರದ ತೂತುಗಳು ಸಾಲಾಗಿ ಕಾಣುತ್ತವೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಿಗೆ ಹೋದರೆ ಇವನ್ನೆಲ್ಲ ಕೈಯಲ್ಲಿ ಹಿಡಿದು ನೋಡಬಹುದು. ಡಾರ್ಕ್ ಫೀನಿಕ್ಸೇ ಸಿಗದಿದ್ದರೂ ಯಾವುದಾದರೂ ಹಳೆ ಅಮೆರಿಕನ್ ಕಾಮಿಕ್ಸ್ ತೆಗೆದು ಕಣ್ಣು ಪಳಗಿಸಿಕೊಳ್ಳಿ.

ಕೊನೆಗೆ ಮೂಸಿ ನೋಡಿ. ಹಳೆ ಕಾಗದದ ವಾಸನೆ ಇದ್ದೇ ಇರುತ್ತದೆ. ಬೂಷ್ಟಿನ ವಾಸನೆ ಬಂದರೆ ಎಷ್ಟೇ ಅಗ್ಗವಾದರೂ ಬೇಡ. ಉಳಿದವಕ್ಕೂ ಹರಡುತ್ತದೆ.

ಹಂತ 5: ಬೆಲೆ

ನಾನು ಇಲ್ಲಿ ರೂಪಾಯಿ ಲೆಕ್ಕ ಬರೆಯುವುದಿಲ್ಲ. ಇವತ್ತು ಬರೆದದ್ದು ಮುಂದಿನ ಸಿನಿಮಾ ಸುದ್ದಿ ಬರುವ ಹೊತ್ತಿಗೆ ಸುಳ್ಳಾಗುತ್ತದೆ. ಈ ಕಥೆ ಇಟ್ಟುಕೊಂಡು 2006ರಲ್ಲೂ 2019ರಲ್ಲೂ ಸಿನಿಮಾ ಬಂದಿವೆ. ಇಂಥ ಸುದ್ದಿ ಹಬ್ಬಿದಾಗ ಬೆಲೆ ಏರುತ್ತದೆ, ಸಿನಿಮಾ ಬಂದು ಹೋದ ಮೇಲೆ ಇಳಿಯುತ್ತದೆ. ಕೊಳ್ಳುವುದಾದರೆ ಇಳಿದಾಗ.

ಬೆಲೆ ನೋಡುವ ಸರಿಯಾದ ದಾರಿ ಒಂದೇ. ಮಾರುವವರು ಕೇಳುತ್ತಿರುವ ಬೆಲೆ ನೋಡಬೇಡಿ, ನಿಜವಾಗಿ ಮಾರಾಟವಾದ ಬೆಲೆ ನೋಡಿ. ಇಬೇಯಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇದೆ. ಅದೇ ಸಂಚಿಕೆ, ಅದೇ ಗ್ರೇಡಿನ ಐದಾರು ಮಾರಾಟ ನೋಡಿ, ತೀರಾ ಹೆಚ್ಚು ಮತ್ತು ತೀರಾ ಕಡಿಮೆಯದನ್ನು ಬಿಟ್ಟು ಉಳಿದದ್ದರ ಸುಮಾರು ಹಿಡಿಯಿರಿ. 'ಕೇಳುವ ಬೆಲೆ' ಅನ್ನುವುದು ಆಸೆ ಅಷ್ಟೇ.

ತಾಳ್ಮೆ ಬೇಕು ಅಂದದ್ದು ಇದಕ್ಕೆ. 1980ರ ಹೊತ್ತಿಗೆ ಎಕ್ಸ್-ಮೆನ್ ಜನಪ್ರಿಯವಾಗಿತ್ತು, ಓದಿದವರು ಚೀಲಕ್ಕೆ ಹಾಕಿ ಎತ್ತಿಡುವ ಅಭ್ಯಾಸವೂ ಬಂದಿತ್ತು. ಹಾಗಾಗಿ ಈ ಸಂಚಿಕೆಗಳು ಅಪರೂಪವಲ್ಲ. "ತುಂಬಾ ಅಪರೂಪ, ಇವತ್ತೇ ತಗೊಳ್ಳಿ" ಅಂದವರಿಗೆ ಕೈ ಮುಗಿದು ಬನ್ನಿ. "ಫಸ್ಟ್ ಪ್ರಿಂಟ್" ಅಂತ ಒತ್ತಿ ಹೇಳುವುದಕ್ಕೂ ಬೆಲೆ ಕೊಡಬೇಡಿ. ಆಗ ಮಾಸಿಕ ಕಾಮಿಕ್ಸನ್ನು ಎರಡನೇ ಸಲ ಅಚ್ಚು ಹಾಕುವುದು ಸಾಮಾನ್ಯವಾಗಿ ಇರಲಿಲ್ಲ.

ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮುಚ್ಚಿ, ಮೇಲೆ ಅಂಕ ಬರೆದು ಕೊಡುವ ಸಂಸ್ಥೆಗಳಿವೆ. 2000ದಲ್ಲಿ ಶುರುವಾದ ಸಿಜಿಸಿ ಅವುಗಳಲ್ಲಿ ಹೆಸರಾದದ್ದು. ಪೆಟ್ಟಿಗೆಗೆ ಸ್ಲ್ಯಾಬ್ ಅನ್ನುತ್ತಾರೆ. ಲೇಬಲ್ ನೀಲಿ ಇದ್ದರೆ ರಿಪೇರಿ ಕಂಡುಬಂದಿಲ್ಲ ಅಂತ, ನೇರಳೆ ಇದ್ದರೆ ರಿಪೇರಿ ಮಾಡಿದ್ದು, ಹಸಿರು ಇದ್ದರೆ ಏನೋ ಒಂದು ದೊಡ್ಡ ಕೊರತೆ ಇದೆ ಅಂತ, ಅದನ್ನು ಲೇಬಲ್ ಮೇಲೇ ಬರೆದಿರುತ್ತಾರೆ. ಹಳದಿ ಇದ್ದರೆ ಅವರ ಎದುರೇ ಸಹಿ ಹಾಕಿಸಿದ್ದು. ದುಬಾರಿ ಸಂಚಿಕೆಗೆ ಇದು ಸರಿ. ಆದರೆ ಒಳಗೆ ಇರುವುದನ್ನು ಓದಲಾಗದು. 9.4ರ ಒಂದು 137ಕ್ಕೆ ಕೊಡುವ ದುಡ್ಡಿನಲ್ಲಿ 4.0ರಿಂದ 6.0ರ ಮಧ್ಯದ ಹಲವು ಸಂಚಿಕೆಗಳು ಬರುತ್ತವೆ. ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ ಎರಡನೆಯದೇ: ತೆರೆದು ಓದಬಹುದಾದ, ಮಧ್ಯಮ ಸ್ಥಿತಿಯ ಪೂರ್ತಿ ಕಥೆ.

ಹಂತ 6: ತರಿಸುವುದು

ಹೆಚ್ಚಿನವು ಅಮೆರಿಕದಿಂದಲೇ ಬರಬೇಕು. ಒಂದೊಂದೇ ತರಿಸಿದರೆ ಅಂಚೆ ಖರ್ಚೇ ಕಾಮಿಕ್ಸಿಗಿಂತ ಹೆಚ್ಚಾಗುತ್ತದೆ. ಒಬ್ಬರ ಹತ್ತಿರವೇ ನಾಲ್ಕೈದು ಇದ್ದರೆ ಒಟ್ಟಿಗೆ ಕಳಿಸಲು ಕೇಳಿ. ಕಸ್ಟಮ್ಸ್ ಸುಂಕ ಎಷ್ಟಾಗಬಹುದು ಅಂತ ಕೊರಿಯರ್‌ನವರನ್ನು ಮೊದಲೇ ವಿಚಾರಿಸಿ, ಅದನ್ನೂ ಸೇರಿಸಿ ಲೆಕ್ಕ ಹಾಕಿ. ಬಿಲ್ಲಿನಲ್ಲಿ ಕಡಿಮೆ ಬೆಲೆ ಬರೆಸುವ ಐಡಿಯಾ ಬೇಡ. ಪಾರ್ಸೆಲ್ ಕಳೆದರೆ ಪರಿಹಾರವೂ ಅಷ್ಟೇ ಸಿಗುತ್ತದೆ.

ಪ್ಯಾಕಿಂಗ್ ಹೇಗಿರಬೇಕೆಂದು ಬರೆದು ತಿಳಿಸಿ. ಚೀಲ, ಒಳಗೆ ರಟ್ಟು, ಅದರ ಎರಡೂ ಬದಿಗೆ ಕಾಮಿಕ್ಸಿಗಿಂತ ದೊಡ್ಡದಾದ ಗಟ್ಟಿ ರಟ್ಟು, ನೀರಿಳಿಯದ ಹೊದಿಕೆ, ಆಮೇಲೆ ಪೆಟ್ಟಿಗೆ. ಚೀಲದ ಬಾಯಿಯಲ್ಲಿ ಟೇಪಿನ ಅಂಟು ಬದಿ ತೆರೆದುಕೊಂಡಿರಬಾರದು. ಹೊರಗೆ ತೆಗೆಯುವಾಗ ಮುಖಪುಟಕ್ಕೆ ಅಂಟಿ ಹರಿಯುವುದು ಹೀಗೇ.

ಅಮೆರಿಕದಲ್ಲಿ ಅಕ್ಕನೋ ಭಾವನೋ ಇದ್ದರೆ ಅವರ ವಿಳಾಸಕ್ಕೆ ತರಿಸಿ, ಊರಿಗೆ ಬರುವಾಗ ತರಲು ಹೇಳಬಹುದು. ಕೈಯಲ್ಲಿ ಹಿಡಿಯುವ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಪಕ್ಕ ಇಡಲಿ. ಚೆಕ್-ಇನ್ ಸೂಟ್‌ಕೇಸಿನಲ್ಲಿ ಶಾಂಪೂ ಬಾಟಲಿ ಪಕ್ಕ ಬೇಡ. ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಅಲ್ಲೇ ಇಡುತ್ತಾರೆ.

ಪಾರ್ಸೆಲ್ ಒಡೆಯುವಾಗ ಮೊಬೈಲಿನಲ್ಲಿ ವಿಡಿಯೋ ಮಾಡಿ. ಮಾರುವವರು ಹಾಕಿದ್ದ ಫೋಟೋಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ತಕರಾರು ಬಂದರೆ ಇವೆರಡೇ ನಿಮ್ಮ ಕೈಯಲ್ಲಿರುವ ಪುರಾವೆ.

ಹಂತ 7: ಇಡುವುದು

ದಿನಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಬೆಳಕು, ಗಾಳಿ, ಬಿಸಿ ತಾಗಿದಷ್ಟೂ ಅದು ಹಳದಿಯಾಗಿ, ಆಮ್ಲ ಹುಟ್ಟಿ, ಕೊನೆಗೆ ಪುಡಿಯಾಗುತ್ತದೆ. ನಿಲ್ಲಿಸಲು ಆಗುವುದಿಲ್ಲ, ನಿಧಾನ ಮಾಡಬಹುದು.

ಪ್ರತಿಯೊಂದನ್ನೂ ಬೇರೆ ಬೇರೆ ಚೀಲದಲ್ಲಿ, ಆಮ್ಲವಿಲ್ಲದ ರಟ್ಟಿನ ಜೊತೆ ಇಡಿ. ಚೀಲ ಪಾಲಿಪ್ರೊಪಿಲಿನ್ ಆದರೆ ಅಗ್ಗ, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯದು ದುಬಾರಿ, ತುಂಬಾ ಕಾಲ ಬರುತ್ತದೆ. ಸ್ಟೇಷನರಿ ಅಂಗಡಿಯ ಪಿವಿಸಿ ಫೋಲ್ಡರ್ ಮಾತ್ರ ಬೇಡ, ಅದು ಬೆವರಿ ಮುಖಪುಟಕ್ಕೆ ಅಂಟಿಕೊಳ್ಳುತ್ತದೆ. 137 ದಪ್ಪ ಇರುವುದರಿಂದ ಸ್ವಲ್ಪ ಅಗಲದ ಚೀಲ ತೆಗೆದುಕೊಳ್ಳಿ. ತುರುಕಿದರೆ ಮೂಲೆ ಮಡಚುತ್ತದೆ.

ಲ್ಯಾಮಿನೇಷನ್ ಮಾಡಿಸಬೇಡಿ. ಸೆಲ್ಲೋಟೇಪ್, ಫೆವಿಕಾಲ್ ಮುಟ್ಟಿಸಬೇಡಿ. ಹರಿದಿದ್ದರೆ ಹಾಗೇ ಚೀಲದೊಳಗೆ ಇರಲಿ.

ಇನ್ನು ಜಾಗ. ಬಿಸಿಲಿಗೆ ಕಾಯುವ ಸಜ್ಜಾ, ಮಳೆಗಾಲದಲ್ಲಿ ಬೆವರುವ ಹೊರಗೋಡೆಗೆ ಒತ್ತಿದ ಬೀರು, ಬಚ್ಚಲ ಪಕ್ಕದ ಕೋಣೆ, ಈ ಮೂರೂ ಬೇಡ. ಒಳಗೋಡೆಯ ಪಕ್ಕ, ನೆಲದಿಂದ ಮೇಲೆ, ಗಟ್ಟಿ ಪೆಟ್ಟಿಗೆಯಲ್ಲಿ ನೇರವಾಗಿ ನಿಲ್ಲಿಸಿ. ಬಾಗದಷ್ಟು ಒತ್ತಾಗಿ, ಎಳೆದರೆ ಸಲೀಸಾಗಿ ಬರುವಷ್ಟು ಸಡಿಲವಾಗಿ. ಮಂಗಳೂರು, ಕಾರವಾರ, ಮಲೆನಾಡಿನ ಕಡೆಯವರು ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಲೇಬೇಕು, ತೇವ ಹೀರಿ ತುಂಬಿದ ಮೇಲೆ ಬದಲಿಸಬೇಕು. ಬಯಲುಸೀಮೆಯವರಿಗೆ ತೇವಕ್ಕಿಂತ ಬಿಸಿ ಮತ್ತು ಧೂಳಿನ ಚಿಂತೆ.

ನುಸಿಗುಳಿಗೆ ಪೆಟ್ಟಿಗೆಯೊಳಗೆ ಹಾಕಬೇಡಿ, ಅದರ ಆವಿ ಪ್ಲಾಸ್ಟಿಕ್ಕಿಗೂ ಒಳ್ಳೆಯದಲ್ಲ, ನಿಮ್ಮ ಮೂಗಿಗೂ ಅಲ್ಲ. ಬೇವಿನ ಎಲೆ ಇಡುವ ರೂಢಿ ಇರುವವರು ಪುಟಗಳ ಮಧ್ಯೆ ಇಡದೆ ಪೆಟ್ಟಿಗೆಯ ಹೊರಗೆ ಇಡಿ, ಎಲೆಯ ಕಲೆ ಹೋಗುವುದಿಲ್ಲ. ಕಾಗದ ತಿನ್ನುವ ಬೆಳ್ಳಿ ಬಣ್ಣದ ಹುಳು, ಜಿರಳೆ, ಗೆದ್ದಲು ಇವಕ್ಕೆ ಒಳ್ಳೆಯ ಮದ್ದೆಂದರೆ ತಿಂಗಳಿಗೊಮ್ಮೆ ಪೆಟ್ಟಿಗೆ ತೆರೆದು ನೋಡುವುದು. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ. ತೆರೆದಾಗ ಒಂದೆರಡು ಓದಿ, ಅದಕ್ಕೇ ಅಲ್ವಾ ಕೊಂಡದ್ದು?

ಒಂಬತ್ತೂ ಸೇರಿದ ಮೇಲೆ ಮುಂದೇನು ಅಂತ ಕೇಳುವವರಿಗೆ: ಮೊದಲು 138, ಆಮೇಲೆ 1984ರ ಅನ್‌ಟೋಲ್ಡ್ ಸ್ಟೋರಿ. ಇದರ ಮುಖಪುಟದ ಬೆಲೆ 2 ಡಾಲರ್, ಕಾಗದವೂ ಬೇರೆ. ಹಾಗಾಗಿ ಮೂರನೇ ಹಂತದ ಬೆಲೆ ಮತ್ತು ಕಾಗದದ ಪರೀಕ್ಷೆ ಇದಕ್ಕೆ ಹಾಕಿ ಮರುಮುದ್ರಣ ಅಂದುಕೊಳ್ಳಬೇಡಿ.